ಬಾಲದಲ್ಲಿ ಉಸಿರಾಡುವ ಹುಳ

ಕುಂಭಾಶಿಯ ಬಚ್ಚ ದೇವಾಡಿಗನ ಮಗಳು ಗುಣವತಿಗೆ ಯಾರು ಏನು ಹೇಳಿದರೂ ಅದರ ಮೂಲ ಹುಡುಕಿಕೊಂಡು ಹೋಗುವ ಚಾಳಿ ಇತ್ತು. ಅಪ್ಪ ದೇವಸ್ಥಾನದಲ್ಲಿ ಡೋಲು ಬಾರಿಸುವವನು. ಮಳೆಗಾಲದಲ್ಲಿ ಅವನು ಡೋಲನ್ನು ಕೆಂಡದ ಹತ್ತಿರ ಹಿಡಿದು ಕಾಯಿಸುವಾಗ ಅವಳು ಪಕ್ಕದಲ್ಲೇ ಕುಳಿತು, ಬಿಸಿಯಾದರೆ ಚರ್ಮ ಬಿಗಿಯಾಗುವುದು ಹೇಗೆ, ಬಿಗಿಯಾದರೆ ದನಿ ಏರುವುದು ಹೇಗೆ ಎಂದು ಕೇಳುತ್ತಿದ್ದಳು. ಬಚ್ಚ ಗೊತ್ತಿದ್ದಷ್ಟು ಹೇಳಿ, ಆಮೇಲೆ "ಅಷ್ಟೆಲ್ಲ ನಂಗೊತ್ತಿಲ್ಲೆ ಮಗಾ" ಎಂದು ಕೈಬಿಡುತ್ತಿದ್ದ. ತಾಯಿ ಸೀತುವಿಗೆ ಮಾತ್ರ ಇದು ತಲೆನೋವು. ಹೆಣ್ಣುಮಗಳು ಹೀಗೆ ಕೇಳುತ್ತಾ ಹೋದರೆ ನಾಳೆ ಅತ್ತೆಯ ಮನೆಯಲ್ಲಿ ಬಾಳುವುದು ಹೇಗೆ ಎಂದು ಅವಳ ಚಿಂತೆ.

ಎಂಟನೇ ಕ್ಲಾಸು ಪಾಸಾದ ಮೇಲೆ ಗುಣವತಿ ಮನೆಯಲ್ಲೇ ಉಳಿದಳು. ಒಮ್ಮೆ ಗಂಗೊಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ, ದೋಣಿಯಿಂದ ಬಿಳಿ ಸೀರೆಯ ಹೆಂಗಸೊಬ್ಬಳು ಚರ್ಮದ ಚೀಲ ಹಿಡಿದು ಇಳಿದದ್ದನ್ನು ಕಂಡಳು. ಪಕ್ಕದ ಕೇರಿಯಲ್ಲಿ ಹೆರಿಗೆ ಕಷ್ಟವಾಗಿ, ಕುಂದಾಪುರದಿಂದ ಕರೆಸಿದ ನರ್ಸಮ್ಮ ಅವಳು. ಗುಣವತಿ ಹಿಂದೆಯೇ ಹೋಗಿ ಆ ಮನೆಯ ಅಂಗಳದಲ್ಲಿ ನಿಂತಳು. ಒಳಗೆ ಮಗು ಅತ್ತ ಸದ್ದು ಕೇಳಿ ಎಷ್ಟೋ ಹೊತ್ತಿನ ಮೇಲೆ ನರ್ಸಮ್ಮ ಕೈ ತೊಳೆಯಲು ಹೊರಗೆ ಬಂದಾಗ, "ಆ ಚೀಲ್ದಂಗೆ ಎಂತ ಇತ್ತಮ್ಮ?" ಎಂದು ಕೇಳಿಯೇಬಿಟ್ಟಳು.

ನರ್ಸಮ್ಮ ದಣಿದಿದ್ದರೂ ನಕ್ಕು ಚೀಲ ತೆರೆದು ತೋರಿಸಿದಳು. ಕತ್ತರಿ, ದಾರ, ಅರಳೆ, ಒಂದು ಸೀಸೆ, ಒಂದು ಸಾಬೂನು. ಸಾಬೂನೂ ಮದ್ದೇ ಎಂದು ಗುಣವತಿಗೆ ಅಂದೇ ಗೊತ್ತಾದದ್ದು. ಈ ಕೆಲಸ ಕಲಿಯಲು ಮಂಗಳೂರಿಗೆ ಹೋಗಬೇಕು, ಸೇರುವುದಕ್ಕೆ ಮೊದಲು ಇಂಗ್ಲಿಷಿನ ಪರೀಕ್ಷೆ ಪಾಸಾಗಬೇಕು ಎಂದು ಕೇಳಿಕೊಂಡು ಅವಳು ಊರಿಗೆ ಬಂದಳು.

ಆಗ ಯುದ್ಧದ ಕಾಲ. ಅಕ್ಕಿ, ಸಕ್ಕರೆ, ಚಿಮಣಿ ಎಣ್ಣೆ ಎಲ್ಲದಕ್ಕೂ ಪರದಾಟ. ಕುಂಭಾಶಿಯಲ್ಲಿ ಇಂಗ್ಲಿಷನ್ನು ಸರಿಯಾಗಿ ಬಲ್ಲವರೆಂದರೆ ಭೋಜರಾಜ ಹೆಗ್ಡೆಯವರು. ಮಂಗಳೂರಿನಲ್ಲಿ ಓದಿ, ಕೊಲ್ಲೂರು ಕಾಡಿನಲ್ಲಿ ಮರ ಕಡಿಸುವ ಕೂಪಿನಲ್ಲಿ ಕೆಲವು ವರ್ಷ ಗುಮಾಸ್ತರಾಗಿದ್ದವರು. ಅಲ್ಲಿ ಹಿಡಿದ ಚಳಿಜ್ವರ ಬಿಡದೆ ಕೆಲಸ ಬಿಟ್ಟು ಮನೆಗೆ ಬಂದಿದ್ದರು. ಜ್ವರ ಬಂದ ದಿನ ಕಂಬಳಿ ಹೊದ್ದು ನಡುಗುತ್ತಾ ಮಲಗುವುದು, ಬಿಟ್ಟ ದಿನ ಜಗಲಿಯ ಮೇಲೆ ಕುಳಿತು ಯಾರಾದರೂ ಮಾತಿಗೆ ಸಿಗುತ್ತಾರೋ ಎಂದು ದಾರಿ ನೋಡುವುದು, ಇದೇ ಅವರ ಬದುಕಾಗಿತ್ತು. ಸೀತು ಆ ಮನೆಗೆ ಭತ್ತ ಕುಟ್ಟಲು ಹೋಗುತ್ತಿದ್ದಳು. ಮಗಳ ಕಾಟ ತಡೆಯಲಾರದೆ ಒಂದು ದಿನ ಅವಳೇ ಹೆಗ್ಡೆಯವರ ಹತ್ತಿರ ವಿಷಯ ತೆಗೆದಳು.

"ಕಳ್ಸ್, ಕಾಂಬ" ಎಂದರು ಹೆಗ್ಡೆ. "ನಂಗೂ ಹೊತ್ ಹೋತಿಲ್ಲೆ."

ಅವರ ಬಳಿ ಒಂದು ಹಳೆಯ ಇಂಗ್ಲಿಷ್ ಪಾಠಪುಸ್ತಕವಿತ್ತು. ಗಾಳಿ, ನೀರು, ಮರ, ಹಲ್ಲು, ನೊಣ, ಸೊಳ್ಳೆ ಇಂಥವುಗಳ ಮೇಲೆ ಚಿಕ್ಕ ಚಿಕ್ಕ ಪಾಠ, ಪ್ರತಿ ಪಾಠದ ಕೆಳಗೆ ಪ್ರಶ್ನೆಗಳು. ಪರೀಕ್ಷೆಯಲ್ಲೂ ಇದೇ ತರಹ ಬರುತ್ತದೆ ಎಂದರು. ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಕೇಳಿದ್ದಕ್ಕೆ ಉತ್ತರ ಬರೆಯಬೇಕು.

ಮೊದಲ ಪಾಠ ಗಾಳಿಯ ಬಗ್ಗೆ. ರಾತ್ರಿ ಕಿಟಕಿ ತೆರೆದು ಮಲಗಬೇಕು ಎಂದು ಅದರಲ್ಲಿತ್ತು. ಕಿಟಕಿ ಏಕೆ ತೆರೆದಿಡಬೇಕು ಎಂಬುದು ಪ್ರಶ್ನೆ. ಗುಣವತಿ ಕಷ್ಟಪಟ್ಟು ಎರಡು ಸಾಲು ಬರೆದಳು. ನಮ್ಮ ಮನೆಯಲ್ಲಿ ಕಿಟಕಿ ಇಲ್ಲ, ತೆಂಗಿನ ಮಡಲಿನ ತಟ್ಟಿಯ ಸಂದಿನಿಂದಲೇ ಗಾಳಿ ಬರುತ್ತದೆ ಎಂದು. ಹೆಗ್ಡೆಯವರು ಓದಿ ಅಡ್ಡಗೆರೆ ಎಳೆದರು.

"ತಪ್ಪಾಯ್ತಾ ಹೆಗ್ಡ್ರೇ?"

"ಇಂಗ್ಲಿಷ್ ತಪ್ಪಲ್ಲ. ಪುಸ್ತಕದವ ಕೇಂಡದ್ದ್ ಪಾಠದಂಗೆ ಎಂತ ಇತ್ತ್ ಅಂದೇಳಿ. ನಿನ್ ಮನಿ ಸುದ್ದಿ ಕೇಂಡದ್ದಲ್ಲ."

"ಪಾಠದಂಗೆ ಇದ್ದದ್ದ್ ಸಮ ಹೌದಾ ಅಲ್ದಾ ಅಂದೇಳಿ ಕಾಂಬ್ದ್ ಬ್ಯಾಡ್ದಾ?"

"ಬ್ಯಾಡ. ಪರೀಕ್ಷೆಗೆ ಬ್ಯಾಡ."

ಗುಣವತಿಗೆ ಇದು ಸುಲಭಕ್ಕೆ ಒಗ್ಗಲಿಲ್ಲ. ಯಾರೋ ಎಲ್ಲಿಯೋ ಕುಳಿತು ಬರೆದದ್ದನ್ನು ಒರೆಗೆ ಹಚ್ಚದೆ ಒಪ್ಪಿಕೊಳ್ಳುವುದು ಹೇಗೆ? ಆದರೂ ದಿನ ಹೋದಂತೆ, ಇನ್ನೊಬ್ಬರ ಮಾತನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳುವುದೂ ಒಂದು ಕೆಲಸವೇ ಎಂದು ಅವಳಿಗೆ ಅನ್ನಿಸತೊಡಗಿತು. ಬೆರಳಿಟ್ಟು ಒಂದೊಂದೇ ಶಬ್ದ ದಾಟಿ ವಾಕ್ಯದ ಕೊನೆ ಮುಟ್ಟಿದಾಗ ಅರ್ಥ ತಟ್ಟನೆ ತೆರೆದುಕೊಳ್ಳುತ್ತಿತ್ತು. ಆ ಕ್ಷಣ ಅವಳಿಗೆ ಬಹಳ ಇಷ್ಟ.

ಸೊಳ್ಳೆಯ ಪಾಠ ಬಂದ ದಿನ ಅವಳು ಗಟ್ಟಿಯಾಗಿ ನಕ್ಕಳು. ಸೊಳ್ಳೆಯ ಮರಿ ನೀರಿನಲ್ಲಿರುತ್ತದೆ, ತಲೆ ಕೆಳಗೆ ಮಾಡಿ ತೂಗಿಕೊಂಡು ಬಾಲದಿಂದ ಉಸಿರಾಡುತ್ತದೆ ಎಂದು ಅದರಲ್ಲಿತ್ತು.

"ಬಾಲದಂಗೆ ಉಸ್ರಾ? ಇದ್ ಬರ್ದವ ಕಂಡಿದ್ನಾ?"

"ಕಾಣ್ದೆ ಬರಿತ್ರಾ?" ಎಂದರು ಹೆಗ್ಡೆ. ಆದರೆ ಅವರೂ ಕಂಡವರಲ್ಲ.

ಮಾರನೆಯ ದಿನ ಗುಣವತಿ ಬರುವಾಗ ಕೈಯಲ್ಲಿ ಔಷಧಿಯ ಖಾಲಿ ಸೀಸೆ ಇತ್ತು. ಹಿತ್ತಲಿನಲ್ಲಿ ಬಿದ್ದಿದ್ದ ತೆಂಗಿನ ಗೆರಟೆಯ ನೀರನ್ನು ಅದಕ್ಕೆ ಸುರಿದುಕೊಂಡಿದ್ದಳು. ಇಬ್ಬರೂ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆಯಂಥ ಹುಳಗಳು ಕೊಂಕುತ್ತಾ ಮೇಲೆ ಬಂದು, ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗೆ ಮಾಡಿ ತೂಗುತ್ತಿದ್ದವು. ಸೀಸೆ ಅಲುಗಿಸಿದರೆ ತಳಕ್ಕೆ ಓಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ.

"ಸಮಾ ಇತ್ತಲೆ!" ಎಂದಳು ಗುಣವತಿ. ಇಂಗ್ಲಿಷಿನಲ್ಲಿ ಓದಿದ್ದು ತನ್ನ ಹಿತ್ತಲಿನಲ್ಲಿ ಸಿಕ್ಕಿದ್ದು ಅವಳಿಗೆ ದೊಡ್ಡ ಸಂಗತಿ.

ಅಲ್ಲಿಂದ ಮುಂದೆ ನೀರು ಕಂಡಲ್ಲೆಲ್ಲ ಅವಳು ಬಗ್ಗಿದಳು. ದನಗಳಿಗೆ ನೀರಿಡುವ ಕಲ್ಲಿನ ಮರಿಗೆ, ತೋಟದ ಹೊಂಡ, ಗದ್ದೆಯ ಅಂಚು. ಮಗಳು ಮನೆಯೊಳಗೆ ಹುಳ ಸಾಕುತ್ತಿದ್ದಾಳೆ ಎಂದು ಸೀತು ಬೈದಳು. ಬಚ್ಚ ಮಾತ್ರ ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಜೋಪಾನವಾಗಿ ಕೆಳಗಿಟ್ಟ.

ಹೆಗ್ಡೆಯವರ ತೋಟದ ಮೂಲೆಯಲ್ಲಿ ಯಾರೂ ನೀರು ಸೇದದ ಹಳೆಯ ಬಾವಿಯೊಂದಿತ್ತು. ಅದರ ನೀರನ್ನು ಸೇದಿ ನೋಡಿದ ದಿನ ಗುಣವತಿ ಗೊಂದಲಕ್ಕೆ ಬಿದ್ದಳು. ಇಲ್ಲಿನ ಹುಳಗಳು ತೂಗುತ್ತಿರಲಿಲ್ಲ. ಹುಲ್ಲಿನ ಕಡ್ಡಿಯ ಹಾಗೆ ನೀರಿನ ಮೇಲೆ ಅಡ್ಡಡ್ಡ ಮಲಗಿದ್ದವು.

"ಹೆಗ್ಡ್ರೇ, ಪಾಠ ಅರ್ಧ ಬರ್ದಿದ್ರ್ ಕಾಣಿ" ಎಂದು ಜಗಲಿಗೆ ತಂದು ತೋರಿಸಿದಳು.

ಹೆಗ್ಡೆಯವರು ಕನ್ನಡಕ ಒರೆಸಿಕೊಂಡು ನೋಡಿದರು. ಪಾಠದಲ್ಲಿದ್ದಷ್ಟೇ ಸಾಕು ಎನ್ನುತ್ತಿದ್ದವರು ಅಂದು ಹಾಗೆ ಹೇಳಲಿಲ್ಲ. ಪುಸ್ತಕದ ಹಿಂದು ಮುಂದಿನ ಪುಟಗಳನ್ನೆಲ್ಲ ತಿರುಗಿಸಿದರು. ಮಲಗುವ ಹುಳದ ಮಾತು ಎಲ್ಲಿಯೂ ಇರಲಿಲ್ಲ.

ಕೆಲವು ದಿನಗಳಲ್ಲಿ ಹೆಲ್ತ್ ಇನ್ಸ್‌ಪೆಕ್ಟರು ಸಿಡುಬು ತಡೆಯಲು ದೇವಿ ಹಾಕುವವರ ಜೊತೆ ಊರಿಗೆ ಬಂದಾಗ, ಹೆಗ್ಡೆಯವರು ಅವರನ್ನು ಜಗಲಿಗೆ ಕರೆದು ಸೀಸೆ ಮುಂದಿಟ್ಟರು. ಇನ್ಸ್‌ಪೆಕ್ಟರು ಘಟ್ಟದ ಮೇಲಿನವರು. ನೋಡಿದ ಕೂಡಲೇ ಅವರ ಮುಖ ಅರಳಿತು.

"ಇವು ಬೇರೆ ಜಾತಿ. ತೂಗುವುದು ಒಂದು, ಮಲಗುವುದು ಒಂದು. ಮಲೇರಿಯಾ ತರುವುದು ಈ ಮಲಗುವ ಜಾತಿಯ ಸೊಳ್ಳೆ. ಯಾರು ಹಿಡಿದದ್ದು ಇದನ್ನ?"

ಹೆಗ್ಡೆಯವರು ಗುಣವತಿಯ ಕಡೆ ಕೈ ತೋರಿಸಿದರು. ಆಮೇಲೆ ತಮ್ಮ ಜ್ವರದ ವಿಷಯ ಕೇಳಿದರು. ಅದು ಕೊಲ್ಲೂರಿನದೋ, ಈ ಬಾವಿಯದೋ?

"ಹೇಳಲಿಕ್ಕೆ ಬರುವುದಿಲ್ಲ" ಎಂದರು ಇನ್ಸ್‌ಪೆಕ್ಟರು. "ಹಳೆಯ ಜ್ವರವೇ ಮರುಕಳಿಸಬಹುದು, ಹೊಸದೂ ಸೇರಿರಬಹುದು. ಬಾವಿಗೆ ಚಿಮಣಿ ಎಣ್ಣೆ ಹಾಕಿಸಿ, ಹುಳಗಳು ಉಸಿರು ಕಟ್ಟಿ ಸಾಯುತ್ತವೆ."

"ಚಿಮ್ಣಿ ಎಣ್ಣೆ ದೀಪಕ್ಕೇ ಇಲ್ಯಲೆ" ಎಂದಳು ಗುಣವತಿ.

"ಹಾಗಾದರೆ ಸಣ್ಣ ಮೀನು ಬಿಡಿ. ಅವು ತಿಂದು ಹಾಕುತ್ತವೆ."

ಮೀನು ಬಿಟ್ಟರು. ಬಾವಿಯ ಮೇಲೆ ಹಲಗೆಯನ್ನೂ ಹಾಸಿದರು. ಹೆಗ್ಡೆಯವರ ಜ್ವರ ಆ ಬೇಸಿಗೆಯಲ್ಲಿ ಕಡಿಮೆಯಾಯಿತು, ಮಳೆಗಾಲದಲ್ಲಿ ಮತ್ತೆ ಬಂತು. ಮೀನಿನಿಂದ ಗುಣವಾಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಪರೀಕ್ಷೆ ಕುಂದಾಪುರದಲ್ಲಿ ನಡೆಯಿತು. ಬೆಳಕು ಹರಿಯುವಾಗಲೇ ಬಚ್ಚ ಮಗಳ ಜೊತೆ ನಡೆದು ಹೋಗಿ, ಶಾಲೆಯ ಹೊರಗೆ ಮರದ ಕೆಳಗೆ ಕುಳಿತ. ಒಳಗೆ ಗುಣವತಿಗೆ ಸಿಕ್ಕಿದ ಪಾಠ ಒಂದು ಬೆಟ್ಟದ ಕಥೆ. ಬೆಟ್ಟದ ಮರಗಳನ್ನು ಕಡಿದ ಮೇಲೆ ಕೆಳಗಿನ ಊರಿನ ಒರತೆಗಳು ಬತ್ತಿದವು. ಮುದಿ ಕಾವಲುಗಾರನೊಬ್ಬ ಕಾರಣ ತಿಳಿಯಲು ಕೋಲು ಹಿಡಿದು ಬೆಟ್ಟ ಹತ್ತಿದ. ಅಲ್ಲಿಗೆ ಪಾಠ ನಿಂತಿತ್ತು.

ಅವನು ಮೇಲೆ ಹೋಗಿ ಕಂಡದ್ದು ಏನು? ಗುಣವತಿ ಹಾಳೆಯನ್ನು ತಿರುಗಿಸಿ ನೋಡಿದಳು. ಹಿಂದೆ ಬೇರೆ ಪ್ರಶ್ನೆಗಳಿದ್ದವು. ಮತ್ತೆ ಮೊದಲಿನಿಂದ ಓದಿದಳು, ಎಲ್ಲಿಯಾದರೂ ಸುಳಿವು ಇರಬಹುದೆಂದು. ಕೇಳಿದ ಪ್ರಶ್ನೆಗಳಿಗೆ, ಪಾಠದಲ್ಲಿ ಇದ್ದದ್ದನ್ನು ಮಾತ್ರ, ಒಪ್ಪವಾಗಿ ಬರೆದಳು. ಬರೆದು ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಂಜೆ ಹೆಗ್ಡೆಯವರ ಜಗಲಿಗೆ ಬಂದವಳೇ ಬೆಟ್ಟದ ಕಥೆಯನ್ನೆಲ್ಲ ಹೇಳಿದಳು. ಹೆಗ್ಡೆಯವರು ಕೇಳಿ, "ಅದ್ ಇರ್ಲಿ, ಕಾಗ್ದ ಬರುಕೆ ಎಂತ ಕೊಟ್ಟಿದ್ರ್?" ಎಂದರು.

"ಯಾವ ಕಾಗ್ದ?"

"ಅಯ್ಯೋ ಹೆಣ್ಣೇ! ಕಡೀಗೆ ಒಂದ್ ಕಾಗ್ದ ಬರುಕೆ ಇರತ್ತಲೆ ಮಾರಾಯ್ತಿ!"

ಗುಣವತಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಬೆಟ್ಟದ ಕಥೆಯಲ್ಲೇ ಮುಳುಗಿ, ಹಾಳೆಯ ಹಿಂದಿದ್ದ ಪ್ರಶ್ನೆಗಳಿಗೆ ಅವಳು ಮರಳಿಯೇ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಹೆಗ್ಡೆಯವರು ಬೈಯಲು ಹೊರಟವರು, ಅವಳನ್ನು ಸಮಾಧಾನ ಮಾಡಲೆಂದೋ ಏನೋ, "ಆ ಮುದ್ಕ ಮೇಲೆ ಹೋಯಿ ಎಂತ ಕಂಡ ಅಂದೇಳಿ ನಾ ಹೇಳ್ತೆ" ಎಂದರು.

ಕೊಲ್ಲೂರಿನ ಕೂಪಿನಲ್ಲಿ ತಾವು ಕಂಡದ್ದನ್ನು ಹೇಳಿದರು. ಮರ ಕಡಿಯುವ ಮೊದಲು ಬಿಡಾರದ ಪಕ್ಕದ ತೊರೆ ಬೇಸಿಗೆಯಲ್ಲೂ ಹರಿಯುತ್ತಿತ್ತು. ಕಡಿದ ಎರಡನೇ ವರ್ಷಕ್ಕೆ ಹರಿವು ನಿಂತು, ಕಲ್ಲುಗಳ ನಡುವೆ ಅಲ್ಲಲ್ಲಿ ಗುಂಡಿ ನೀರು ಮಾತ್ರ ಉಳಿಯಿತು. ತಿಳಿಯಾದ, ಬಿಸಿಲು ಬೀಳುವ ನೀರು. ಕೂಲಿಯವರು ಅದರ ಪಕ್ಕದಲ್ಲೇ ಬಿಡಾರ ಹಾಕಿದ್ದರು.

"ಜ್ವರ ಬಂದದ್ದ್ ಯಾವಾಗ?" ಗುಣವತಿ ಕಣ್ಣೊರೆಸಿಕೊಂಡು ಕೇಳಿದಳು.

ಹೆಗ್ಡೆಯವರು ನೆನಪು ಮಾಡಿಕೊಂಡರು. ಮೊದಲ ವರ್ಷ ಅಲ್ಲೊಬ್ಬ ಇಲ್ಲೊಬ್ಬ. ಎಲ್ಲರೂ ಜ್ವರ ಹಿಡಿದು ಮಲಗಿದ್ದು ತೊರೆ ನಿಂತ ಬೇಸಿಗೆಯಲ್ಲಿ. ತಾವು ಮಲಗಿದ್ದೂ ಆಗಲೇ. ದುಗ್ಗಪ್ಪ ಎಂಬ ಗಟ್ಟಿ ಆಳು, ದಿಮ್ಮಿ ಎಳೆಯುವವನು, ಆಗಲೇ ತೀರಿಕೊಂಡದ್ದು. ಕಾಡಿನ ಗಾಳಿ ಆಗಿಬರಲಿಲ್ಲ ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಿದ್ದವರು ಅವರು.

"ಆ ಗುಂಡಿ ನೀರಂಗೆ ಹುಳ ಇತ್ತಾ ಅಂದೇಳಿ ಯಾರೂ ಕಂಡಿಲ್ಲೆ" ಎಂದರು ಮೆಲ್ಲಗೆ. "ನಾನೂ ಕಂಡಿಲ್ಲೆ. ದಿನಾ ಅದ್ರಂಗೇ ಮುಖ ತೊಳಿತಿದ್ದೆ."

ಆ ಸಲ ಗುಣವತಿ ಫೇಲಾದಳು. ತಾಯಿ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ತಾನೇ ಪುಸ್ತಕದ ಧೂಳು ಒರೆಸಿ ಮಗಳ ಮುಂದಿಟ್ಟಳು. ಆ ವರ್ಷವಿಡೀ ಹೆಗ್ಡೆಯವರು ಅವಳಿಂದ ಬೇರೇನೂ ಮಾಡಿಸಲಿಲ್ಲ. ಬರೀ ಕಾಗದ ಬರೆಸಿದರು. ರಜೆ ಕೇಳುವ ಕಾಗದ, ಗೆಳತಿಗೆ ಕಾಗದ, ಕೆರೆ ದುರಸ್ತಿಗಾಗಿ ಸರಕಾರಕ್ಕೆ ಕಾಗದ. ಮುಂದಿನ ಪರೀಕ್ಷೆಯಲ್ಲಿ ಬಂದದ್ದು ಹಲ್ಲುಜ್ಜುವುದರ ಬಗ್ಗೆ ಒಂದು ಪಾಠ. ಅದರಲ್ಲಿ ಕೇಳಿ ತಿಳಿಯಬೇಕೆನ್ನಿಸುವಂಥದ್ದು ಏನೂ ಇರಲಿಲ್ಲವಾದ್ದರಿಂದ ಬೇಗ ಮುಗಿಸಿ ಉಳಿದದ್ದನ್ನೆಲ್ಲ ಬರೆದೆ ಎಂದು ಅವಳು ಆಮೇಲೆ ನಗುತ್ತಾ ಹೇಳುತ್ತಿದ್ದಳು. ಪಾಸಾದಳು.

ಮಂಗಳೂರಿಗೆ ಹೊರಟ ದಿನ ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಬ್ರಹ್ಮಾವರದ ಆಚೆ ಹೊಳೆಯ ದಡದಲ್ಲಿ ನಿಂತಿತು. ದೋಣಿ ದಾಟುವಾಗ ಅವಳಿಗೆ ಅಳುವೂ ಬಂತು, ಆಚೆ ದಡದಲ್ಲಿ ಏನಿದೆಯೋ ನೋಡುವ ಆತುರವೂ ಬಂತು. ಕಲಿಕೆ ಮುಗಿಯುವ ಹೊತ್ತಿಗೆ ಯುದ್ಧ ನಿಂತಿತ್ತು, ಸ್ವಾತಂತ್ರ್ಯವೂ ಬಂದಿತ್ತು. ಅವಳನ್ನು ಬೈಂದೂರಿನ ಕಡೆಗೆ ಹಾಕಿದರು.

ಅಲ್ಲಿ ಅವಳು ಮಾಡಿಸಿದ ಮೊದಲ ಹೆರಿಗೆ ಕಡಲ ಬದಿಯ ಚಂದು ಎಂಬವಳದು. ಬೆಳಗಿನ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ವಾಪಸು ಹೋಗಬೇಕೆಂದರೆ ಕಡಲು ಏರಿ ಹೊಳೆಯಲ್ಲಿ ಭರತದ ನೀರು ತುಂಬಿತ್ತು. ಇಳಿಯುವವರೆಗೆ ಕಾಯಬೇಕು ಎಂದರು ಮನೆಯವರು. ಗುಣವತಿ ಗಂಜಿ ಉಂಡು, ಚಂದುವಿನ ಅತ್ತೆ ಜಲಜಳ ಜೊತೆ ಮರಳಿನ ಮೇಲೆ ಬಂದು ಕುಳಿತಳು. ಜಲಜ ನೀರಿನ ಕಡೆ ಒಮ್ಮೆ ನೋಡಿ, ಬಿಸಿಲು ಮನೆಯ ಮೆಟ್ಟಿಲಿಗೆ ಬರುವಾಗ ಹೊಳೆ ದಾಟಬಹುದು ಎಂದಳು.

"ಅದ್ ಹ್ಯಾಂಗ್ ಗೊತ್ತಾತ್ತ್ ನಿಮ್ಗೆ?" ಎಂದು ಗುಣವತಿ ಹತ್ತಿರ ಸರಿದಳು. ಜಲಜ ಮರಳಿನ ಮೇಲೆ ಬೆರಳಿನಿಂದ ಚಂದ್ರನನ್ನು ಬರೆದು, ಅವನ ಜೊತೆ ನೀರು ಏರಿಳಿಯುವ ಲೆಕ್ಕ ಹೇಳಲು ಶುರುಮಾಡಿದಳು.