ಇಟ್ಟಿಗೆ ಪುಡಿಯಲ್ಲಿ ತೊಳೆದ ಚಕ್ರ

ನಮ್ಮ ಮನೆಯವರ ಮೋಟರ್ ಸೈಕಲ್ಲನ್ನು ಹಳೆಯದು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಗಟ್ಟಿ ಗಾಡಿ ಎನ್ನಬೇಕಿತ್ತು. ಆ ಗಟ್ಟಿ ಗಾಡಿ ನಿಂತಲ್ಲೆಲ್ಲ ಎಣ್ಣೆ ಸೋರುತ್ತಿತ್ತು. ಓಡುವಾಗ ಚೈನಿನಿಂದ ಸಿಡಿದು, ಹಿಂದೆ ಕೂತ ನನ್ನ ಬಿಳಿ ಸೀರೆಗೆ ಹತ್ತುತ್ತಿತ್ತು. ಆ ಕಲೆಗಳನ್ನು ಸಂಜೆ ಸೀಮೆಎಣ್ಣೆ ಹಚ್ಚಿ ತಿಕ್ಕಿ ತೆಗೆಯುತ್ತಿದ್ದವರು ನಮ್ಮತ್ತೆ.

ಎಂಬತ್ತರ ದಶಕದ ಆರಂಭ. ಮನೆ ಕೂಡ್ಲಿಗಿಯಲ್ಲಿ, ನಾನು ಗುಡೇಕೋಟೆಯ ಆಸ್ಪತ್ರೆಯಲ್ಲಿ ನರ್ಸು. ಮೊದಲ ಬಸ್ಸು ಹಿಡಿದರೂ ಡ್ಯೂಟಿ ಹೊತ್ತಿಗೆ ಮುಟ್ಟುತ್ತಿರಲಿಲ್ಲ. ಅಲ್ಲೇ ಕೋಣೆ ಮಾಡುತ್ತೇನೆ ಎಂದರೆ, ಹೆಂಗಸು ಒಬ್ಬಳೇ ಇರುವುದು ಬೇಡ ಎಂದಿದ್ದರು ಮನೆಯವರು. ಹಾಗಾಗಿ ದಿನಾ ನನ್ನನ್ನು ಬಿಟ್ಟು, ತಿರುಗಿ ಬಂದು, ತಮ್ಮ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದರು. ಎಣ್ಣೆ ಇಳಿದು ಗೇರು ಹಿಡಿದುಕೊಂಡ ದಿನ ನಾನು ತಡ, ಅವರೂ ತಡ. ಡಾಕ್ಟರು ಮುಖ ಗಂಟು ಹಾಕುತ್ತಿದ್ದರು.

ಒಂದು ಶನಿವಾರ ಮನೆಯವರು ಎಣ್ಣೆ ಹೊರಬರದಂತೆ ತಡೆಯುವ ಹೊಸ ಆಯಿಲ್ ಸೀಲು ತಂದರು. “ಇದನ್ನ ಹಾಕಿ ನೋಡ್ತೀನಿ. ಸೋರಾದು ನಿಂತ್ರ ಸರಿ. ಇಲ್ಲಂದ್ರ ನೀ ನೌಕರಿ ಬಿಟ್ಟುಬಿಡು,” ಎಂದರು. ಬಳೆಯಷ್ಟೂ ಇಲ್ಲದ ಒಂದು ರಬ್ಬರಿನ ಮೇಲೆ ನನ್ನ ನೌಕರಿ ನಿಂತಿತು.

ಭಾನುವಾರ ಅಂಗಳದಲ್ಲಿ ಗಾಡಿ ಬಿಚ್ಚಿದರು. ಚೈನು ಸುತ್ತುವ ಹಲ್ಲಿನ ಚಕ್ರವನ್ನು ಹೊರಗೆಳೆದು, ಅದರ ಹಿಂದಿದ್ದ ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದರು. ಹೊಸದನ್ನು ಪೈಪಿನ ತುಂಡಿಟ್ಟು ಮೆಲ್ಲಗೆ ಬಡಿದು ಕೂರಿಸಿದರು. ಕೆಲಸ ನೀಟಾಗಿತ್ತು, ಇಲ್ಲವೆನ್ನುವುದಿಲ್ಲ. ಆಮೇಲೆ ಉಂಡು ಮಲಗಿದರು.

ಎದ್ದು ನೋಡಿದರೆ ಚಕ್ರ ಫಳಫಳ ಹೊಳೆಯುತ್ತಿತ್ತು. ಮಗ ಮಲಗಿದ್ದಾಗ ಅತ್ತೆ ಅದನ್ನು ಪಾತ್ರೆ ತೊಳೆಯುವ ಕಲ್ಲಿಗೆ ಒಯ್ದು, ರೊಟ್ಟಿ ಹಂಚು ತಿಕ್ಕುವ ಹಾಗೆ ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಜಿಡ್ಡು ಹೋಯಿತಲ್ಲ ಎಂದು ಇವರಿಗೂ ಖುಷಿಯೇ. ಹಾಗೇ ಜೋಡಿಸಿದರು.

ಸೋಮವಾರ ಅರ್ಧ ದಾರಿಗೆ ಮತ್ತೆ ಸೀರೆಗೆ ಎಣ್ಣೆ ಸಿಡಿಯಿತು. ಸಂಜೆ ಮೆಕ್ಯಾನಿಕ್ ಭಾಯಿ ಗಾಡಿ ಬಿಚ್ಚಿ, ಚಕ್ರದ ನುಣುಪು ಕೊರಳಿನ ಮೇಲೆ ಉಗುರು ಆಡಿಸಿದ.

“ಮೇಷ್ಟ್ರೇ, ಸೀಲು ಹಿಡಿಯಾ ಜಾಗ ಇದು. ಇದನ್ನ ಯಾರು ತಿಕ್ಕ್ಯಾರ್ರಿ? ಪೂರಾ ಗೀರು ಬಿದ್ದಾವು. ಎಷ್ಟು ಸೀಲು ಹಾಕಿದ್ರೂ ಹರಕೊಂಡು ಹೋಗ್ತಾವ. ಚಕ್ರಾನ ಬ್ಯಾರೇದು ತರಸ್ಬೇಕು.”

ಬೇರೆ ಚಕ್ರ ದಾವಣಗೆರೆಯಿಂದ ಬರಬೇಕಿತ್ತು. ಯಾವಾಗ ಬರುತ್ತದೋ ಅವನಿಗೂ ಗೊತ್ತಿರಲಿಲ್ಲ.

ಮನೆಗೆ ಬಂದವರೇ ತಾಯಿಯ ಮೇಲೆ ಕೂಗಾಡಿದರು. ಅತ್ತೆ, “ಹೊಲಸು ಹೋದ್ರ ಸೋರಾದು ನಿಲ್ತೈತಿ ಅನ್ಕಂಡಿದ್ನೆಪ್ಪಾ. ಅಕಿ ಸೀರಿ ದಿನಾ ಹಾಳಾಗ್ತಿತ್ತಲ್ಲ,” ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲೇ ಇಲ್ಲ. ಸಂಕಟವಾಯಿತು.

ಇವರು ನನ್ನ ಕಡೆ ತಿರುಗಿದರು. “ಸಾಕು. ನಾಳಿಂದ ಹೋಗಬ್ಯಾಡ.”

“ಗಾಡಿ ಕೆಡಿಸಿದಾಕಿ ನಾನು. ನೌಕರಿ ಅಕಿ ಯಾಕ ಬಿಡಬೇಕು?” ಎಂದರು ಅತ್ತೆ.

“ಮತ್ತ ಹೆಂಗ ಹೋಗ್ತಾಳ?”

“ಅಲ್ಲೇ ಇರ್ತಾಳ. ಒಬ್ಬಾಕಿ ಬ್ಯಾಡ ಅಂದಿಯಲ್ಲ, ನಾನೂ ಹೋಗ್ತೀನಿ.”

ಆ ಮನೆ ಬಿಟ್ಟು ಒಂದು ವಾರ ಬೇರೆಲ್ಲೂ ಇದ್ದವರಲ್ಲ ಅವರು. ಮರುದಿನ ಒಲೆ, ಎರಡು ಪಾತ್ರೆ, ಜೋಳದ ಹಿಟ್ಟು ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಸಿಕ್ಕಿತು. ಡ್ಯೂಟಿಗೆ ನಡೆದೇ ಹೋಗುತ್ತಿದ್ದೆ. ತಡವಾಗುವ ಮಾತೇ ಇರಲಿಲ್ಲ.

ಕೆಲವು ವಾರಗಳಾದ ಮೇಲೆ ಮನೆಯವರು ಕರೆಯಲು ಬಂದರು. ಹೊಸ ಚಕ್ರ, ಹೊಸ ಸೀಲು, ಒಂದು ಹನಿ ಸೋರುತ್ತಿಲ್ಲ ಎಂದು ಬಗ್ಗಿ ಗಾಡಿಯ ಅಡಿಗೆ ಕೈಯಾಡಿಸಿ ತೋರಿಸಿದರು. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಚೊಲೋ ಆತು. ಮತ್ತ ಸೋರಿದ್ರ ಅಕಿ ನೌಕರಿ ಏನ್ ಆಗ್ತೈತಿ? ಅಷ್ಟು ಹೇಳಿ ಕರಕೊಂಡು ಹೋಗು.”

ಮನೆಯವರು ಉಂಡು, ಒಬ್ಬರೇ ಹೋದರು. ಮುಂದಿನ ಭಾನುವಾರ ತಮ್ಮ ಬಟ್ಟೆಗಳನ್ನೂ ಹಾಸಿಗೆಯನ್ನೂ ಗಾಡಿಗೆ ಕಟ್ಟಿಕೊಂಡು ಬಂದರು. ಅಂದಿನಿಂದ ಬೆಳಗಾದರೆ ಅವರು ಗುಡೇಕೋಟೆಯಿಂದ ಕೂಡ್ಲಿಗಿಯ ಶಾಲೆಗೆ ಓಡಬೇಕಾಯಿತು.