‘ಚೆನ್ನಾಗವ್ನೆ’ ಅಂದಿದ್ದ ಸಿಸ್ಟರಮ್ಮ

ಹೋದ ವಾರ ಕೆ.ಆರ್.ಪೇಟೆಯಿಂದ ಬಾಡಿಗೆಗೆ ಜನರನ್ನು ಕರೆತರುವಾಗ ವ್ಯಾನಿನಲ್ಲಿದ್ದ ಅಜ್ಜಿಯೊಬ್ಬರು ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡರು. ಕಿಟಕಿಗಳೆಲ್ಲ ಮುಚ್ಚಿದ್ದವು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಯಾವಾಗಲೂ ಅದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಸಿಸ್ಟರಮ್ಮ ಕೂತಿದ್ದಾರೇನೋ ಅನ್ನಿಸಿಬಿಟ್ಟಿತು...

ಪಾಂಡವಪುರದಲ್ಲಿ ನಮ್ಮ ಪಕ್ಕದ ಮನೆಯವರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಭಾನುವಾರ ಶ್ರೀರಂಗಪಟ್ಟಣದ ಚರ್ಚಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ರಿಟೈರ್ ಆದ ಮೇಲೆ ಅವರು ವರ್ಷಕ್ಕೊಮ್ಮೆ ಚರ್ಚಿನವರ ಜೊತೆ ಆಫ್ರಿಕಾದ ಒಂದು ದೇಶಕ್ಕೆ ಹೋಗಿ, ಅಲ್ಲಿನ ಜೈಲುಗಳಲ್ಲಿ ಯೇಸುವಿನ ವಿಚಾರ ಹೇಳಿ ಬರಲು ಶುರು ಮಾಡಿದರು.

“ಅಷ್ಟು ದೂರ ಹೋಗಿ ಕಳ್ಳರು ಕೊಲೆಗಾರರಿಗೆ ಏನ್ ಯೋಳ್ತೀರಾ ಸಿಸ್ಟರಮ್ಮ?” ಅಂತ ಒಂದು ಸಲ ಕೇಳಿದ್ದೆ.

“ಹೇಳೋದು ಕಮ್ಮಿ ಕಣಪ್ಪ, ಕೇಳೋದೇ ಜಾಸ್ತಿ. ಅವರ ಹತ್ರ ಯಾರೂ ಕೂರಲ್ಲ,” ಅಂದಿದ್ದರು.

ಒಂದು ವರ್ಷ ಅಲ್ಲಿಂದ ಬಂದವರು ಮೊದಲಿನ ಹಾಗಿರಲಿಲ್ಲ. ಎರಡು ದಿನ ಬಾಗಿಲೇ ತೆಗೆಯಲಿಲ್ಲ. ಆಮೇಲೆ ನನ್ನನ್ನು ಕರೆದು ಕೂರಿಸಿಕೊಂಡು ನಡೆದದ್ದನ್ನು ಹೇಳಿದರು. ಜೈಲಿನಲ್ಲಿ ಅವರು ಇಂಗ್ಲಿಷಿನಲ್ಲಿ ಮಾತಾಡುವುದು, ಇನ್ನೊಬ್ಬರು ಅದನ್ನು ಆ ಕಡೆಯ ಭಾಷೆಗೆ ತಿರುಗಿಸುವುದು ವಾಡಿಕೆ. ಕೊನೆಯ ಪ್ರಾರ್ಥನೆ ಮಾತ್ರ ಅವರಿಗೆ ಕನ್ನಡದಲ್ಲೇ ಬರುತ್ತಿತ್ತು. ಆವತ್ತು ಪ್ರಾರ್ಥನೆ ಮುಗಿದು ಕಣ್ಣು ಬಿಟ್ಟರೆ, ಎದುರಿಗೆ ಒಣಕಲು ಮೈಯ ಒಬ್ಬ ನಿಂತಿದ್ದ. “ಅವ್ವಾ, ನೀವು ಯಾವೂರ್ನೋರು?” ಅಂದನಂತೆ.

ಅವನು ನಮ್ಮ ಕೆ.ಆರ್.ಪೇಟೆ ಕಡೆಯ ಮಾಕವಳ್ಳಿ ಹತ್ತಿರದವನು. ಬೋರ್‌ವೆಲ್ ಲಾರಿಗೆ ಡ್ರೈವರಾಗಿ ಹೋಗಿದ್ದ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಲಾರಿ ಸಂತೆಗೆ ನುಗ್ಗಿ ಇಬ್ಬರು ಸತ್ತಿದ್ದರು. ಮಾಲೀಕ ತಲೆ ಮರೆಸಿಕೊಂಡ, ಇವನು ಒಳಗೆ ಹೋದ. ಊರಿಗೆ ಸುದ್ದಿಯೇ ಇಲ್ಲ. ಸಿಸ್ಟರಮ್ಮನ ಕೈ ಹಿಡಿದುಕೊಂಡು, “ನಮ್ಮವ್ವುಂಗೆ ಜೈಲು ಅಂತ ಮಾತ್ರ ಯೋಳ್ಬ್ಯಾಡಿ. ಚೆನ್ನಾಗವ್ನೆ ಅನ್ನಿ, ಸಾಕು,” ಅಂದನಂತೆ. ಅಷ್ಟರಲ್ಲಿ ಗಾರ್ಡು ಕೂಗಿದ. ಇವರು ಹೂಂ ಅಂತ ತಲೆಯಾಡಿಸಿಬಿಟ್ಟಿದ್ದರು.

ಅವನ ಊರಿಗೆ ಸಿಸ್ಟರಮ್ಮನನ್ನು ನಾನೇ ಕರೆದುಕೊಂಡು ಹೋದೆ. ಊರು ಹತ್ತಿರ ಬಂದಾಗ, “ನಾನು ಸುಳ್ಳು ಹೇಳಿದೋಳಲ್ಲ ಕಣಪ್ಪ,” ಅಂದರು.

ಅವನ ತಾಯಿ ಕೊಟ್ಟಿಗೆ ಬಾಚುತ್ತಿದ್ದರು. ಮಗನ ಸುದ್ದಿ ಅಂದದ್ದೇ ಸಗಣಿ ಕೈಯಲ್ಲೇ ಓಡಿಬಂದರು. “ಎಂಗವ್ನೆ ತಾಯಿ?”

“ಚೆನ್ನಾಗವ್ನೆ ಕಣವ್ವ.”

ಸಿಸ್ಟರಮ್ಮ ಯಾವತ್ತೂ ಹಾಗೆ ಮಾತಾಡಿದವರಲ್ಲ. ಅವನ ಮಾತನ್ನು ಅವನ ಹಾಗೆಯೇ ಹೇಳಿದ್ದರು. ಆ ತಾಯಿ ಆಮೇಲೆ ಕೇಳಿದ್ದಕ್ಕೆ ಕೊನೆಯಿರಲಿಲ್ಲ. ಇಳಿದೋಗವ್ನಾ, ಮುದ್ದೆ ಸಿಕ್ತದಾ, ಯಾವಾಗ ಬತ್ತಾನೆ... ಕೊಟ್ಟ ಹಾಲು ಸಿಸ್ಟರಮ್ಮನ ಕೈಯಲ್ಲೇ ಆರಿಹೋಯಿತು.

ಅಲ್ಲಿಂದಾಚೆ ಅವನನ್ನು ಬಿಡಿಸಲು ಮಂಡ್ಯ, ಬೆಂಗಳೂರು ಅಂತ ಅಲೆದರು. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ, ನೀವು ಅವನಿಗೆ ಏನಾಗಬೇಕು? ಮನೆಯವರೇ ಬಂದು ಅರ್ಜಿ ಕೊಡಬೇಕು ಅಂದರು. ಅರ್ಜಿ ಕೊಡಬೇಕಾದರೆ ತಾಯಿಗೆ ನಿಜ ತಿಳಿಸಬೇಕು. “ಅವನಿಗೆ ಮಾತು ಕೊಟ್ಟುಬಿಟ್ಟಿದ್ದೀನಿ. ಈ ಸಲ ಹೋದಾಗ ಒಪ್ಪಿಸ್ಕೊಂಡು ಬರ್ತೀನಿ,” ಅಂದರು. ಇಲ್ಲಿಂದ ಅವನಿಗೆ ಒಂದು ಫೋನು ಮಾಡಲೂ ದಾರಿಯಿರಲಿಲ್ಲ. ಹೋಗುವ ಕಾಲ ಬರುವವರೆಗೆ ಕಾಯಬೇಕಾಯಿತು.

ಹೊರಟಾಗ ಆ ತಾಯಿ ಮಗನಿಗೆ ಅಂತ ಒಂದು ಡಬ್ಬ ನಿಪ್ಪಟ್ಟು ಕೊಟ್ಟು ಕಳಿಸಿದರು.

ಆ ಸಲ ಅವರು ಬೇಗ ವಾಪಸ್ ಬಂದರು. ಏರ್‌ಪೋರ್ಟಿನಿಂದ ಬರುವಾಗ ರಾಮನಗರ ದಾಟಿದ ಮೇಲೆ ಹೇಳಿದರು. ಅವನಿಗೆ ಕ್ಷಯ ಇತ್ತಂತೆ. ಇವರು ಹೋಗುವ ಹೊತ್ತಿಗೆ ತೀರಿಕೊಂಡು ತಿಂಗಳಾಗಿತ್ತು. ಜೈಲಿನವರೇ ಮಣ್ಣು ಮಾಡಿದ್ದರು. ಆವತ್ತು ಬೋಧನೆ ಮಾಡಲಿಲ್ಲವಂತೆ. ಅವನ ಜೊತೆಯಲ್ಲಿದ್ದ ಕೈದಿಗಳಿಗೆ ನಿಪ್ಪಟ್ಟು ಹಂಚಿ, ಸುಮ್ಮನೆ ಅವರ ನಡುವೆ ಕೂತು ಬಂದಿದ್ದರು. “ಅವನು ಕೆಮ್ತಿದ್ದ ಕಣಪ್ಪ, ಅವತ್ತೇ ಕೆಮ್ತಿದ್ದ. ನಾನು ನರ್ಸು...” ಅಂದರು.

ಮನೆಗೂ ಹೋಗದೆ ನೇರವಾಗಿ ಆ ಊರಿಗೆ ಹೋದೆವು. ಈ ಸಲ ಎಲ್ಲವನ್ನೂ ಹೇಳಿದರು, ಜೈಲು, ಕಾಯಿಲೆ, ಸಾವು. ಆ ತಾಯಿ ಕಂಬಕ್ಕೆ ಒರಗಿ ಕೇಳಿಸಿಕೊಂಡರು. ಬಯ್ಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

“ಚೆನ್ನಾಗವ್ನೆ ಅಂದಿದ್ರಲ್ಲವ್ವ,” ಅಂದರು ಅಷ್ಟೆ.

ಸಿಸ್ಟರಮ್ಮ ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕೂತರು. ಅಕ್ಕಪಕ್ಕದವರು ಬಂದು ಸೇರಿದರು. ಹೊತ್ತು ಮುಳುಗಿದ ಮೇಲೆ ನಾನೇ ಎಬ್ಬಿಸಿ ಕರೆದುಕೊಂಡು ಬಂದೆ. ಆಮೇಲೆ ಅವರು ಪರದೇಶಕ್ಕೆ ಹೋಗಲಿಲ್ಲ. ಚರ್ಚಿಗೆ ಹೋಗುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು.

ಹೋದ ವರ್ಷ ಅವರೂ ತೀರಿಕೊಂಡರು. ನಾನು ಫೋನು ಮಾಡಿ ತಿಳಿಸಿದ್ದಕ್ಕೆ ಆ ತಾಯಿ ಬಸ್ಸು ಬದಲಾಯಿಸಿಕೊಂಡು ಶ್ರೀರಂಗಪಟ್ಟಣದವರೆಗೂ ಬಂದಿದ್ದರು. ಎಲ್ಲರೂ ಮಣ್ಣು ಹಾಕಿದ ಮೇಲೆ ಅವರೂ ಒಂದು ಹಿಡಿ ಹಾಕಿ, “ನನ್ ಮಗುಂಗೆ ಆಕಕ್ಕಾಗ್ನಿಲ್ಲ,” ಅಂದರು.

ಈಗ ಪಕ್ಕದ ಮನೆಯಲ್ಲಿ ಬೇರೆಯವರಿದ್ದಾರೆ. ಮಾಕವಳ್ಳಿ ಕಡೆ ಬಾಡಿಗೆ ಸಿಕ್ಕಿದಾಗಲೆಲ್ಲ ನಾನು ಆ ತಾಯಿಯ ಮನೆಗೆ ಹೋಗಿಬರುತ್ತೇನೆ. ಕಾಫಿ ಕೊಟ್ಟು ಎದುರಿಗೆ ಕೂರುತ್ತಾರೆ. ಅಲ್ಲಿ ಚಳಿ ಇತ್ತಾ, ಹೊದೆಯೋಕೆ ಕೊಡ್ತಿದ್ರಾ, ನನ್ ಮಗ ನನ್ನ ಏನಾರ ಕೇಳಿದ್ನಾ... ಆ ದೇಶದಲ್ಲಿ ಅವನನ್ನು ಕಣ್ಣಾರೆ ಕಂಡಿದ್ದ ನಮ್ಮವರು ಸಿಸ್ಟರಮ್ಮ ಒಬ್ಬರೇ.

“ಗೊತ್ತಿಲ್ಲ ಕಣವ್ವ,” ಅನ್ನುತ್ತೇನೆ. ಅವರು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಮುಂದಿನ ಸಲ ಹೋದಾಗ ಮತ್ತೆ ಕೇಳುತ್ತಾರೆ.