ಬೆದರುಬೊಂಬೆಗೆ ನನ್ನ ಟೊಪ್ಪಿಗೆ

ಮಂಗಗಳ ನಡವಳಿಕೆ ಅಭ್ಯಾಸ ಮಾಡುವ ವಿಜ್ಞಾನಿ ನಾನು. ಅವು ನನಗೆ ಹೆದರಬಾರದು ಅಂತ ಐನಾಪುರದ ಹತ್ತಿರ ಎರಡು ವರ್ಷ ಅದೇ ಖಾಕಿ ಅಂಗಿ, ಅದೇ ಟೊಪ್ಪಿಗೆ ತೊಟ್ಟು ಅವುಗಳ ನಡುವೆ ಮಿಸುಕದೆ ಕೂತೆ. ಎಂಥಾ ಘನಕಾರ್ಯ!

ಪಕ್ಕದ ದ್ರಾಕ್ಷಿ ತೋಟದ ಅಣ್ಣಾಸಾಹೇಬರು ತಲೆಗೆ ಪಟಗಾ ಸುತ್ತಿ ದಿನವೂ ಮಂಗಗಳತ್ತ ಕವಣೆ ಬೀಸಿ ಬೀಸಿ ಸೋತಿದ್ದರು. ಕೊಯ್ಲಿಗೆ ವಾರವಿದ್ದಾಗ ಬಂದರು.

"ಸರ್, ನಿಮ್ಮ ಅಂಗಿ, ಟೊಪಿಗಿ ಕೊಡ್ರಿ. ಬೆದರುಬೊಂಬಿಗೆ ಹಾಕ್ತೀನಿ. ಸಾಹೇಬ್ರ ಟೊಪಿಗಿ ಕಂಡ್ರ ಮಂದೀನ ಅಂಜ್ತೈತಿ, ಮಂಗ್ಯಾ ಅಂಜೂದಿಲ್ಲೇನ್ರಿ?"

ಇಷ್ಟೆಲ್ಲ ಓದಿದವನು ಯೋಚಿಸದೆ ಕೊಟ್ಟುಬಿಟ್ಟೆ.

ಮರುದಿನ ನೋಡಿದರೆ, ಬೊಂಬೆಯ ಹೆಗಲೇರಿ ಕೂತ ಮಂಗವೊಂದು ಟೊಪ್ಪಿಗೆಯಲ್ಲಿ ಹೇನು ಹುಡುಕುತ್ತಿತ್ತು. ಉಳಿದವು ನೆಮ್ಮದಿಯಾಗಿ ದ್ರಾಕ್ಷಿ ತಿನ್ನುತ್ತಿದ್ದವು.

"ಎರಡು ವರ್ಷ ಇದನ್ನ ಕಲಿಸೀರೇನ್ರಿ?" ಎಂದವರೇ ಅಣ್ಣಾಸಾಹೇಬರು ಟೊಪ್ಪಿಗೆ ಕಿತ್ತು, ತಮ್ಮ ಪಟಗಾ ಬೊಂಬೆಯ ತಲೆಗೆ ಸುತ್ತಿದರು. ಅವರು ಮರೆಗೆ ಸರಿದ ಮೇಲೆ ಮರಳಿದ ಮಂಗಗಳು ಪಟಗಾ ಕಂಡು ಒಂದೇ ನೆಗೆತಕ್ಕೆ ಮಾಯ!

ಅವು ನನ್ನನ್ನು ಪೂರ್ತಿ ನಂಬಿದ್ದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಪ್ರಬಂಧದಲ್ಲಿ ಮಾತ್ರ ಬರೆಯಲಿಲ್ಲ.